ಐದನೇ ಲೆವೆಲ್ಲಿನ ತನಕ

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದ ರಾಮಲಿಂಗಂ, ಬಲಗೈ ಮೆಷಿನ್ನಿಗೆ ಸಿಕ್ಕಿದ ಮೇಲೆ, ದಿನವಿಡೀ ಟಿ.ವಿ. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದ. ಟಿ.ವಿ. ಹಾಕಿರುತ್ತಿರಲಿಲ್ಲ. ಹೆಂಡತಿ ಗೋಕಿಲಾ ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಕಂಪನಿಯ ಚೆಕಿಂಗ್ ಸೆಕ್ಷನ್ನಿಗೆ ಹೊರಡುವಾಗ ಹೇಗೆ ಕೂತಿದ್ದನೋ ಸಂಜೆ ಬಂದಾಗಲೂ ಹಾಗೇ ಇರುತ್ತಿದ್ದ. ಮುಚ್ಚಿಟ್ಟು ಹೋದ ಅನ್ನ ಕೆಲವು ದಿನ ಖಾಲಿಯಾಗಿರುತ್ತಿತ್ತು, ಕೆಲವು ದಿನ ಇಲ್ಲ.

ಕಿರುಬೆರಳು, ಉಂಗುರದ ಬೆರಳು ಹೋಗಿದ್ದವು. ಮಿಕ್ಕ ಮೂರು ಇದ್ದವು, ಆದರೆ ಹೆಬ್ಬೆರಳಿಗೆ ಸ್ಪರ್ಶ ಸತ್ತಿತ್ತು. ಮಡಚಿದರೆ ಮಡಚುತ್ತಿತ್ತು, ಏನನ್ನು ಮುಟ್ಟುತ್ತಿದೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಬಳಸುತ್ತಾ ಇದ್ದರೆ ನರ ಚೇತರಿಸಿಕೊಳ್ಳಲೂಬಹುದು ಎಂದು ಡಾಕ್ಟರು ಹೇಳಿ, ಹಿಸುಕಲು ಒಂದು ರಬ್ಬರ್ ಚೆಂಡು ತೆಗೆದುಕೊಳ್ಳಲು ಹೇಳಿದ್ದರು. ಗೋಕಿಲಾ ತಂದಿದ್ದಳು. ಅದು ಕಿಟಕಿಯ ಮೇಲಿತ್ತು.

ನೋಡಲು ಬಂದವರಿಗೆಲ್ಲ ಅವನು ನಡೆದದ್ದನ್ನು ಹೇಳುತ್ತಿದ್ದ, ಬೇರೆ ಯಾರದೋ ಕೈಯ ವಿಷಯ ಹೇಳುವ ಹಾಗೆ. ಧಾರಾಪುರಂಗೆ ಮದುವೆ ಮಾಡಿಕೊಟ್ಟ ಮಗಳು ಬಂದು ಪಕ್ಕದಲ್ಲಿ ಕೂತು ಅತ್ತಳು. ಅವಳು ಅಳುವಾಗ ಅವಳ ಜಡೆಗೆ ಸಿಕ್ಕಿಸಿದ್ದ ಪಿನ್ನು ಬೀಳುವ ಹಾಗಿದೆ ಎಂದು ಅವನಿಗೆ ಅನಿಸಿತು. ಬೇರೇನೂ ಅನಿಸಲಿಲ್ಲ.

ಅವರ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಪ್ರೇರಣಾ ಎಂಬ ಹುಡುಗಿ ಬಾಡಿಗೆಗಿದ್ದಳು. ಚಿತ್ರದುರ್ಗದವಳು, ಇಪ್ಪತ್ತಾರು ವರ್ಷ, ಬಟ್ಟೆಗೆ ಬಣ್ಣ ಹಾಕಿ ಬಿಟ್ಟ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಇಂಜಿನಿಯರು. ಕೋಣೆ ನೋಡಲು ಬಂದ ದಿನ ಮೆಟ್ಟಿಲ ಕೆಳಗೆ ಗಂಡಹೆಂಡತಿ ಕನ್ನಡ ಮಾತಾಡುವುದು ಕೇಳಿ ಅಲ್ಲೇ ಅಡ್ವಾನ್ಸ್ ಕೊಟ್ಟಿದ್ದಳು. ಆಮೇಲೆ ಗೊತ್ತಾದದ್ದು, ತಲೆತಲಾಂತರದಿಂದ ತಮಿಳುನಾಡಿನಲ್ಲೇ ಇರುವ ಅವರ ಕನ್ನಡದಲ್ಲಿ ಅರ್ಧ ತಮಿಳು. "ತಣ್ಣಿ ಬಂದೈತೆ, ಸೀಕ್ರ ಪಿಡ್ಕೋ" ಎಂದು ಗೋಕಿಲಾ ಕೂಗಿದಾಗ, ನಲ್ಲಿಯಲ್ಲಿ ನೀರು ಬಂದಿದೆ, ಬೇಗ ಹಿಡಿದುಕೊ ಎಂದು ಅರ್ಥವಾಗಲು ಅವಳಿಗೆ ಒಂದು ವಾರ ಬೇಕಾಯಿತು.

ಪ್ರೇರಣಾ ಹತ್ತಿರ ವಿಡಿಯೋ ಗೇಮಿನ ಒಂದು ಪೆಟ್ಟಿಗೆ ಇತ್ತು, ಟಿ.ವಿ. ಇರಲಿಲ್ಲ. ಒಂದು ಭಾನುವಾರ ಕೆಳಗೆ ಬಂದು, "ಆಂಟಿ, ನಿಮ್ಮ ಟಿ.ವಿ.ಗೆ ಸ್ವಲ್ಪ ಹೊತ್ತು ಹಾಕ್ಕೊಳ್ಲಾ?" ಎಂದು ಕೇಳಿದಳು. ಗೋಕಿಲಾ ಹೂಂ ಎಂದಳು. ಮನೆಯಲ್ಲಿ ಏನಾದರೊಂದು ಸದ್ದಾದರೆ ಸಾಕಾಗಿತ್ತು ಅವಳಿಗೆ.

ಆಡುತ್ತಿರುವಾಗ ಪ್ರೇರಣಾಗೆ ಮನೆಯಿಂದ ಫೋನು ಬಂತು. "ಒಂದ್ನಿಮಿಷ ಹಿಡ್ಕೊಂಡಿರಿ ಅಂಕಲ್" ಎಂದು ರಿಮೋಟನ್ನು ರಾಮಲಿಂಗಂನ ತೊಡೆಯ ಮೇಲಿಟ್ಟು ಹೊರಗೆ ಹೋದಳು. ಎರಡೂ ಕೈಯಲ್ಲಿ ಹಿಡಿಯುವ ರಿಮೋಟು ಅದು. ಬೀಳದಿರಲಿ ಎಂದು ಅವನು ಹಿಡಿದ. ಟಿ.ವಿ.ಯೊಳಗಿನ ಹೆಂಗಸು ಕತ್ತಿ ಬೀಸಿದಳು.

ಅವನು ಕೈ ನೋಡಿಕೊಂಡ. ಹೆಬ್ಬೆರಳು ಒಂದು ಗುಂಡಿಯ ಮೇಲಿತ್ತು. ಒತ್ತಿದ್ದು ಅವನಿಗೆ ತಿಳಿದಿರಲಿಲ್ಲ. ಮತ್ತೆ ಒತ್ತಿದ, ಬೆರಳಿಗೆ ಏನೂ ತಿಳಿಯಲಿಲ್ಲ, ಆ ಹೆಂಗಸು ಕತ್ತಿ ಬೀಸಿದಳು. ಪ್ರೇರಣಾ ಬಾಗಿಲಿಗೆ ಬಂದು ನಿಂತು ನೋಡುವಾಗ ಅವನು ಏಳನೆಯದೋ ಎಂಟನೆಯದೋ ಸಲ ಒತ್ತುತ್ತಿದ್ದ. ಅವಳು ಏನೂ ಕೇಳದೆ ಅವನಿಗೆಂದು ಹೊಸ ಆಟ ಶುರುಮಾಡಿ ಕೊಟ್ಟಳು.

ಆಟದಲ್ಲಿ ಅವನಿಗೆ ಸಿಕ್ಕಿದ್ದು ಒಬ್ಬ ಹರಕು ಅಂಗಿಯ ಮನುಷ್ಯ, ಕೈಯಲ್ಲೊಂದು ದೊಣ್ಣೆ. ಸುಟ್ಟುಹೋದ ಊರಿನ ಹೊರಗೆ ಬೆಂಕಿಯ ಪಕ್ಕ ಆ ಮನುಷ್ಯನಿಗೆ ಎಚ್ಚರವಾಗುತ್ತದೆ. ಮುಂದೆ ಹಳ್ಳ, ಹಳ್ಳದಲ್ಲಿ ತೋಳಗಳು, ಅದರಾಚೆ ಸೇತುವೆ. ಸತ್ತರೆ ಮತ್ತೆ ಅದೇ ಬೆಂಕಿಯ ಪಕ್ಕ ಎದ್ದೇಳಬೇಕು. ಮೊದಲ ದಿನ ರಾಮಲಿಂಗಂ ಹನ್ನೊಂದು ಸಲ ಸತ್ತ. ಸತ್ತಾಗ ಬೇಸರವಾಗಲಿಲ್ಲ, ಎದ್ದಾಗ ಖುಷಿಯೂ ಆಗಲಿಲ್ಲ.

"ಶುರುವಿನ ಲೆವೆಲ್ಲುಗಳೇ ಕಷ್ಟ ಅಂಕಲ್," ಎಂದಳು ಪ್ರೇರಣಾ. "ಕೈಯಲ್ಲಿ ಏನೂ ಇರಲ್ಲ, ಮೈಮೇಲೆ ಏನೂ ಇರಲ್ಲ. ಎರಡು ತೋಳ ಒಟ್ಟಿಗೆ ಬಂದ್ರೆ ಓಡಿಬಿಡಿ. ಓಡೋದು ತಪ್ಪಲ್ಲ. ಒಂದೊಂದನ್ನೇ ಬೇರೆ ಮಾಡಿ ಹೊಡೀಬೇಕು. ಗಿಡಮೂಲಿಕೆ ಕಂಡ್ರೆ ಬಿಡ್ಬೇಡಿ. ಐದನೇ ಲೆವೆಲ್ಲಿನ ತನಕ ಹೇಗೋ ಜೀವ ಉಳಿಸ್ಕೊಳ್ಳಿ, ಆಮೇಲೆ ಆಟ ನಿಮ್ಮನ್ನ ಕೊಲ್ಲೋದು ಕಮ್ಮಿ ಮಾಡುತ್ತೆ."

ಪೆಟ್ಟಿಗೆಯನ್ನು ಅವಳು ಕೆಳಗೇ ಬಿಟ್ಟಳು.

ಅವನು ದಿನಾ ಆಡತೊಡಗಿದ. ಗೋಕಿಲಾ ಕೆಲಸಕ್ಕೆ ಹೋದ ಮೇಲೆ ಶುರು, ಮಧ್ಯಾಹ್ನ ಕರೆಂಟ್ ಹೋಗುವವರೆಗೆ. ಸುಟ್ಟ ಊರಿನ ಬಾಗಿಲಲ್ಲಿ ಈಟಿ ಹಿಡಿದ ಕಾವಲುಗಾರನೊಬ್ಬ ನಿಂತಿರುತ್ತಾನೆ. ತೋಳವನ್ನು ಅಲ್ಲಿಯ ತನಕ ಓಡಿಸಿಕೊಂಡು ಬಂದರೆ ಆ ಕಾವಲುಗಾರನೂ ಒಂದೇಟು ಹಾಕುತ್ತಾನೆ. ಇದನ್ನು ಪ್ರೇರಣಾ ಹೇಳಿರಲಿಲ್ಲ, ಅವನೇ ಕಂಡುಹಿಡಿದ. ಅಕ್ಷರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅವನು ಓದುತ್ತಿದ್ದದ್ದು ತಮಿಳು ಮಾತ್ರ, ಮಾತಾಡುವ ಕನ್ನಡವೂ ಓದಲು ಬಾರದು. ಹಾಗಾಗಿ ಬಣ್ಣ ನೋಡಿ ನೆನಪಿಟ್ಟುಕೊಂಡ. ಕೆಂಪು ಗೆರೆ ಜೀವ, ಹಸಿರು ಗೆರೆ ದಮ್ಮು. ಎರಡು ವಾರದಲ್ಲಿ ಮೂರನೇ ಲೆವೆಲ್ಲಿಗೆ ಬಂದ.

"ಏನುಂಗ, ಇವತ್ತು ಎಷ್ಟ್ ಸಲ ಸತ್ರಿ?" ಎಂದು ಗೋಕಿಲಾ ಚೀಲ ಕೆಳಗಿಡುತ್ತಾ ಕೇಳುತ್ತಿದ್ದಳು.

"ನಾಕು."

"ನಿನ್ನೆಗಿಂತ ಪರವಾಯಿಲ್ಲೆ."

ಅಷ್ಟೇ ಮಾತು. ಆದರೆ ಮುಂಚೆ ಅಷ್ಟೂ ಇರಲಿಲ್ಲ.

ಪ್ರತಿ ಭಾನುವಾರ ಪೊನ್ನುಸಾಮಿ ಬರುತ್ತಿದ್ದ. ರಾಮಲಿಂಗಂಗಿಂತ ಆರೇಳು ವರ್ಷ ಚಿಕ್ಕವನು, ಅವರದೇ ಜನ, ಮನೆಯಲ್ಲಿ ಕನ್ನಡವೇ. ಕಂಪನಿಯಲ್ಲಿ ಇಬ್ಬರೂ ಒಂದೇ ಮೆಷಿನ್ನಿನಲ್ಲಿದ್ದವರು. ಬಟ್ಟೆಯನ್ನು ಬಿಸಿ ರೋಲರುಗಳ ನಡುವೆ ಹಾಯಿಸಿ ಅಳತೆಗೆ ಕೂರಿಸುವ ಮೆಷಿನ್ನು. ಬಟ್ಟೆ ಸಿಕ್ಕಿಕೊಂಡಾಗ ರಾಮಲಿಂಗಂ ಕೈಹಾಕಿ ಬಿಡಿಸುತ್ತಿದ್ದ, ಪೊನ್ನುಸಾಮಿ ಸ್ವಿಚ್ಚಿನ ಹತ್ತಿರ ನಿಂತು, ಅವನು ಹೇಳಿದಾಗ ಚೂರು ಓಡಿಸಿ ನಿಲ್ಲಿಸುತ್ತಿದ್ದ. ಆ ದಿನ ಸ್ವಿಚ್ಚು ಹಾಕಿದ್ದು ಪೊನ್ನುಸಾಮಿಯ ಕೈ.

ಬರುವಾಗ ಒಂದು ಚಿಪ್ಪು ಬಾಳೆಹಣ್ಣು ತರುತ್ತಿದ್ದ. ಹೊಸಿಲ ಹತ್ತಿರ ಗೋಡೆಗೊರಗಿ ಕೂರುತ್ತಿದ್ದ. ಗೋಕಿಲಾ ಕಾಫಿ ಕೊಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ರಾಮಲಿಂಗಂಗೆ ಅವನ ಮೇಲೆ ಸಿಟ್ಟಿದೆಯೋ ಇಲ್ಲವೋ ಎಂದು ರಾಮಲಿಂಗಂಗೇ ಗೊತ್ತಿರಲಿಲ್ಲ. ಒಂದರ್ಧ ಗಂಟೆ ಕೂತು, ಪೊನ್ನುಸಾಮಿ "ಬರ್ತೀನಿ ಅಣ್ಣಾ" ಎಂದು ಎದ್ದು ಹೋಗುತ್ತಿದ್ದ.

ಆ ವಾರ ಕಂಪನಿಯ ಸೂಪರ್‌ವೈಸರ್ ತಿರುಮಲೈಸಾಮಿ ಮನೆಗೆ ಬಂದು ಒಂದು ಕಾಗದ ಕೊಟ್ಟು ಹೋಗಿದ್ದ. ತಮಿಳಿನಲ್ಲಿ ಟೈಪು ಮಾಡಿದ ಹೇಳಿಕೆ. ನಿಂತಿದ್ದ ಮೆಷಿನ್ನನ್ನು ಸಹೋದ್ಯೋಗಿ ಪೊನ್ನುಸಾಮಿ ಯಾರೂ ಹೇಳದೆ ಚಾಲೂ ಮಾಡಿದ್ದರಿಂದ ಅಪಘಾತವಾಯಿತು ಎಂದಿತ್ತು. ರಾಮಲಿಂಗಂ ಕೆಳಗೆ ಸಹಿ ಹಾಕಿದರೆ ವಿಚಾರಣೆ ಮುಗಿಯುತ್ತದೆ, ಪೊನ್ನುಸಾಮಿಯನ್ನು ತೆಗೆದುಹಾಕುತ್ತಾರೆ, ರಾಮಲಿಂಗಂಗೆ ಕೂತು ಮಾಡುವ ಕೆಲಸ ಕೊಡುತ್ತಾರೆ. ಬರುವ ಸೋಮವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದ ತಿರುಮಲೈಸಾಮಿ. ಕಾಗದ ಟಿ.ವಿ. ಮೇಲೆ, ಚಾರ್ಜರಿನ ಕೆಳಗಿತ್ತು.

ಭಾನುವಾರ ಪೊನ್ನುಸಾಮಿ ಬಂದಾಗ ರಾಮಲಿಂಗಂ ನಾಲ್ಕನೇ ಲೆವೆಲ್ಲಿನ ಕೊನೆಯಲ್ಲಿದ್ದ. ಸೇತುವೆಯ ಬಾಯಿಗೆ ಕಾಡುಹಂದಿಯೊಂದು ಅಡ್ಡ ನಿಂತಿತ್ತು, ಎತ್ತಿನ ಗಾತ್ರದ್ದು. ಅದು ನುಗ್ಗುವಾಗ ತೋರುಬೆರಳಲ್ಲಿ ಗುರಾಣಿ ಎತ್ತಬೇಕು, ಅದು ತಿರುಗಿದ ಕೂಡಲೇ ಹೆಬ್ಬೆರಳಲ್ಲಿ ಹೊಡೆಯಬೇಕು. ತೋಳಗಳ ಹತ್ತಿರ ನಡೆಯುತ್ತಿದ್ದ ಬೆರಳು ಇಲ್ಲಿ ನಡೆಯುತ್ತಿರಲಿಲ್ಲ. ಹೆಬ್ಬೆರಳು ಗುಂಡಿಯಿಂದ ಜಾರಿದ್ದು ಅವನಿಗೆ ತಿಳಿಯುವಷ್ಟರಲ್ಲಿ ಸತ್ತಿರುತ್ತಿದ್ದ. ಆ ಬೆಳಿಗ್ಗೆಯೇ ಒಂಬತ್ತು ಸಲ.

ಪೊನ್ನುಸಾಮಿ ಐದು ಸಾವು ನೋಡಿದ. ಆರನೆಯದಕ್ಕೆ, "ಅಣ್ಣಾ, ಆ ಕಡೆ ಗುಂಡಿ ನಾ ಒತ್ಲಾ?" ಎಂದ.

ಒಳಗೆ ಅಕ್ಕಿ ಆರಿಸುತ್ತಿದ್ದ ಗೋಕಿಲಾಳ ಕೈ ನಿಂತಿತು.

ರಾಮಲಿಂಗಂ ಕುರ್ಚಿಯಿಂದಿಳಿದು ಚಾಪೆಯ ಮೇಲೆ ಕೂತ. ಪೊನ್ನುಸಾಮಿ ಪಕ್ಕಕ್ಕೆ ಬಂದ. ಒಂದೇ ರಿಮೋಟು: ಎಡಭಾಗ ರಾಮಲಿಂಗಂನ ಎಡಗೈಯಲ್ಲಿ, ಬಲಭಾಗ ಪೊನ್ನುಸಾಮಿಯ ಬಲಗೈಯಲ್ಲಿ. ಭುಜಕ್ಕೆ ಭುಜ ತಾಗಿಸದೆ ಹಿಡಿಯಲು ಆಗುತ್ತಿರಲಿಲ್ಲ. ನಡೆಸುವವನು ರಾಮಲಿಂಗಂ, ಒತ್ತುವವನು ಪೊನ್ನುಸಾಮಿ.

"ನಾ ಹೇಳ್ದಾಗ ಒತ್ತು," ಎಂದ ರಾಮಲಿಂಗಂ. "ಹೊಡಿ ಅಂದ್ರೆ ಹೆಬ್ಬೆಟ್ಟು. ತಡಿ ಅಂದ್ರೆ ಗುರಾಣಿ."

ಪೊನ್ನುಸಾಮಿ ರಿಮೋಟು ಬಿಟ್ಟುಬಿಟ್ಟ. "ಅದು ಬ್ಯಾಡಣ್ಣಾ. ಎರಡೂ ಒಂದೇ ಥರ ಕೇಳ್ತದೆ."

ಬೆಂಕಿಯ ಪಕ್ಕ ಹರಕು ಅಂಗಿಯವನು ಉಸಿರಾಡುತ್ತಾ ನಿಂತಿದ್ದ.

"ಅವತ್ತು ನೀ ಏನಂದೆ ಅಣ್ಣಾ?" ಪೊನ್ನುಸಾಮಿ ಟಿ.ವಿ. ನೋಡಿಕೊಂಡೇ ಕೇಳಿದ. "ನಂಗೆ ಪೋಡು ಅಂತ ಕೇಳ್ತು. ಸತ್ಯವಾಗ್ಲೂ ಪೋಡು ಅಂತಾನೇ ಕೇಳ್ತು."

ಕಂಪನಿಯಲ್ಲಿ ಎಲ್ಲರೂ ತಮಿಳೇ ಮಾತಾಡುವುದು. ಪೋಡು ಎಂದರೆ ಹಾಕು. ಪೋದುಂ ಎಂದರೆ ಸಾಕು. ಮೆಷಿನ್ನಿನ ಸದ್ದಿನಲ್ಲಿ ಎರಡರ ನಡುವೆ ಇರುವುದು ತುಟಿಯ ಒಂದು ಅಲುಗಾಟ.

"ಪೋದುಂ ಅಂದೆ ಅನ್ಕೊಂಡಿವ್ನಿ," ಎಂದ ರಾಮಲಿಂಗಂ. "ಬಟ್ಟೆ ಇನ್ನೂ ಸಿಕ್ಕೊಂಡಿತ್ತು. ಇನ್ನು ಸಾಕು, ಆಫೇ ಇರ್ಲಿ ಅಂತ. ಬಾಯಿಂದ ಏನ್ ಬಂತೋ ತೆರೀದು, ನಂಗೇ ಗೊತ್ತಿಲ್ಲ."

"ಮನೆ ಮಾತಲ್ಲಿ ಸಾಕು ಅಂದಿದ್ರೆ..."

"ಅಂದಿರ್ಲಿಲ್ಲ."

ಪೊನ್ನುಸಾಮಿ ಅಳುತ್ತಿದ್ದ. ಅವನ ಭುಜ ಅಲುಗುವುದು ರಾಮಲಿಂಗಂನ ಭುಜಕ್ಕೆ ತಿಳಿಯುತ್ತಿತ್ತು. ಸಮಾಧಾನ ಮಾಡಬೇಕು ಎಂದು ಅವನಿಗೆ ಗೊತ್ತಿತ್ತು. ಆದರೆ ಯೋಚನೆ ಹೋದದ್ದು ಮೆಷಿನ್ನಿನ ಕಡೆಗೆ. ಅದು ಹೊಸದಾಗಿ ಬಂದಾಗ ರೋಲರಿನ ಮುಂದೆ ಕಂಬಿಯ ಒಂದು ಗಾರ್ಡು ಇತ್ತು, ಅದು ಇದ್ದಷ್ಟು ದಿನ ಒಳಗೆ ಕೈ ಹೋಗುತ್ತಿರಲಿಲ್ಲ. ಬಟ್ಟೆ ಸಿಕ್ಕಿದಾಗೆಲ್ಲ ಕಂಬಿಯ ಸಂದಿನಿಂದ ಕೊಕ್ಕೆ ಹಾಕಿ ಬಿಡಿಸುವುದರಲ್ಲಿ ಹೊತ್ತು ಹೋಗುತ್ತದೆಂದು ಮೇಲಿನವರು ತೆಗೆಸಿ ಮೂಲೆಗಿಟ್ಟು ಮೂರು ವರ್ಷವಾಗಿತ್ತು.

"ಗಾರ್ಡ್ ಇದ್ದಿದ್ರೆ," ಎಂದ ಅವನು ನಿಧಾನವಾಗಿ, "ನಾ ಏನಂದಿದ್ರೂ ಒಂದೇ. ನೀ ಏನ್ ಕೇಳಿದ್ರೂ ಒಂದೇ."

ಪೊನ್ನುಸಾಮಿ ಮೂಗೊರೆಸಿಕೊಂಡ.

"ಪಿಡಿ," ಎಂದು ರಾಮಲಿಂಗಂ ರಿಮೋಟಿನ ಬಲಭಾಗವನ್ನು ಅವನ ಕಡೆ ಚಾಚಿದ. "ಹೊಡಿ ಅಂದ್ರೆ ಹೆಬ್ಬೆಟ್ಟು. ಗುರಾಣಿಗೆ ಮೇಲೆ ಅಂತೀನಿ."

ಮೂರು ಸಲ ಹಂದಿ ಅವರನ್ನು ತುಳಿಯಿತು. ನಾಲ್ಕನೇ ಸಲ ಬಿತ್ತು. ತೆರೆಯ ಮೇಲೆ ಬಂಗಾರದ ಬಣ್ಣದಲ್ಲಿ ಐದು ಎಂಬ ಅಂಕಿ ಬಂತು. ಪೊನ್ನುಸಾಮಿ ತೊಡೆ ತಟ್ಟಿ ಕೂಗಿ, ತಕ್ಷಣ ನಾಚಿ ಬಾಯಿಗೆ ಕೈ ಇಟ್ಟುಕೊಂಡ. ರಾಮಲಿಂಗಂ ಅಂಕಿಯನ್ನು ನೋಡಿದ. ಅವನಿಗೆ ಹಸಿವಾಗಿತ್ತು. ಗೋಕಿಲಾ ಇಬ್ಬರಿಗೂ ತಟ್ಟೆ ಹಾಕಿದಳು. ಆ ದಿನ ಪೊನ್ನುಸಾಮಿಯ ಮುಖ ನೋಡಿ, "ರಸ ಹಾಕ್ಲಾ?" ಎಂದು ಕೇಳಿದಳು.

ಸೋಮವಾರ ತಿರುಮಲೈಸಾಮಿ ಬಂದಾಗ ರಾಮಲಿಂಗಂ ಕಾಗದವನ್ನು ಹಾಗೇ ಹಿಂದಕ್ಕೆ ಕೊಟ್ಟ. ಗಾರ್ಡ್ ಇರಲಿಲ್ಲ ಎಂದು ಬರೆದು ತಂದರೆ ಸಹಿ ಹಾಕುತ್ತೇನೆ ಎಂದು ತಮಿಳಿನಲ್ಲಿ ಹೇಳಿದ.

"ಅದೆಲ್ಲ ಇದರಲ್ಲಿ ಬರುವುದಿಲ್ಲಪ್ಪ," ಎಂದ ತಿರುಮಲೈಸಾಮಿ, ಅದೂ ತಮಿಳಿನಲ್ಲೇ. "ನಿನಗೆ ಒಳ್ಳೆಯದಾಗಲಿ ಅಂತ ಬಂದೆ."

"ಸರಿ," ಎಂದ ರಾಮಲಿಂಗಂ. ತಿರುಮಲೈಸಾಮಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೋದ.

ಮರುದಿನ ಗೋಕಿಲಾ ರಜೆ ಹಾಕಿ ಗಂಡ ಹೇಳಿದ್ದನ್ನು ತಮಿಳಿನಲ್ಲಿ ಒಂದೂವರೆ ಪುಟ ಬರೆದಳು. ಯಾವ ಮೆಷಿನ್ನು, ಗಾರ್ಡು ಯಾವಾಗ ತೆಗೆದರು, ಅದನ್ನು ಎಲ್ಲಿಟ್ಟಿದ್ದಾರೆ. ಪೊನ್ನುಸಾಮಿಯ ಬಗ್ಗೆ ಒಂದೇ ಸಾಲು: ಸದ್ದಿನಲ್ಲಿ ನನ್ನ ಮಾತು ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ರಾಮಲಿಂಗಂ ಎಡಗೈಯಲ್ಲಿ ಸಹಿ ಹಾಕಿದ. ಮೊದಲ ಅಕ್ಷರವೇ ಉಲ್ಟಾ ಬಂದಂತಿತ್ತು, ಆದರೂ ಓದಬಹುದಿತ್ತು. ಇಬ್ಬರೂ ಬಸ್ಸಿನಲ್ಲಿ ಹೋಗಿ ಕಾರ್ಖಾನೆ ಇನ್‌ಸ್ಪೆಕ್ಟರ ಆಫೀಸಿನಲ್ಲಿ ಕೊಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಬಂದರು.

ಒಂದೂವರೆ ತಿಂಗಳಾದ ಮೇಲೆ ಕಂಪನಿಯ ಅಂಥ ಮೂರೂ ಮೆಷಿನ್ನುಗಳಿಗೆ ಗಾರ್ಡು ಬಂತು. ಪೊನ್ನುಸಾಮಿಯನ್ನು ತೆಗೆಯಲಿಲ್ಲ, ಪ್ಯಾಕಿಂಗಿಗೆ ಹಾಕಿದರು. ರಾಮಲಿಂಗಂಗೆ ಸದ್ಯಕ್ಕೆ ಜಾಗವಿಲ್ಲ ಎಂದು ಹೇಳಿ ಕಳಿಸಿದರು. ಅದನ್ನು ಕೇಳಿ ಗೋಕಿಲಾ ಸಿಟ್ಟಿನಲ್ಲಿ ಎರಡು ದಿನ ಪಾತ್ರೆ ಕುಕ್ಕಿದಳು. ಅವನಿಗೆ ಆ ಸಿಟ್ಟೂ ಬರಲಿಲ್ಲ.

ಪ್ರೇರಣಾಗೆ ಕೊಯಮತ್ತೂರಿಗೆ ವರ್ಗವಾಯಿತು. ಪೆಟ್ಟಿಗೆ ಇಲ್ಲೇ ಇರಲಿ ಎಂದಳು, ರಾಮಲಿಂಗಂ ಬೇಡ ಎಂದ. ತಂತಿಗಳನ್ನು ತಾನೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಟ್ಟ. ರಬ್ಬರ್ ಬ್ಯಾಂಡ್ ಹಾಕಲು ಬಹಳ ಹೊತ್ತು ಹಿಡಿಯಿತು, ಅವಳು ಕಾದಳು. ಕೊಯಮತ್ತೂರಿನ ಗಾಂಧಿಪುರಂ ಬಸ್ಸಿಗೆ ಅವಳ ಸಾಮಾನು ಏರಿಸಲು ಪೊನ್ನುಸಾಮಿಯೂ ಬಂದಿದ್ದ.

ಅದಾದ ಹದಿನೈದು ದಿನಕ್ಕೆ ರಾಮಲಿಂಗಂಗೆ ಒಂದು ನೂಲಿನ ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಬಂದ ಮೂಟೆಗಳ ಚೀಟಿ ನೋಡಿ ಯಾವ ಸಾಲಿಗೆ ಎಂದು ಹೇಳಿ, ಕೂಡ ನಡೆದು ಹೋಗಿ ಇಡಿಸಬೇಕು. ಮೊದಲ ದಿನ ಹತ್ತು ಗಂಟೆ ನಿಂತೇ ಇದ್ದ. ಸಂಜೆ ಆರೂವರೆಗೆ ಮನೆಗೆ ಬಂದು ಹೊಸಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದ.

"ಹೆಂಗಿತ್ತು?" ಎಂದಳು ಗೋಕಿಲಾ.

"ಕಾಲು ನೋಯ್ತದೆ," ಎಂದ ಅವನು. "ಭಾಳ ನೋಯ್ತದೆ, ಗೋಕಿಲಾ."

ಕೈ ಮೆಷಿನ್ನಿಗೆ ಸಿಕ್ಕಿದ ಮೇಲಿನ ನಾಲ್ಕು ತಿಂಗಳಲ್ಲಿ ಅವನ ಬಾಯಿಂದ ನೋವು ಎಂಬ ಮಾತನ್ನು ಅವಳು ಕೇಳಿರಲಿಲ್ಲ. ಒಲೆಯ ಮೇಲೆ ನೀರಿಡಲು ಹೊರಟವಳು ಹೋಗದೆ ಅವನ ಪಕ್ಕ ಕೂತಳು, ಎಲ್ಲಿ ಎಂದು ಕೇಳಿದಳು. ಅವನು ತೋರಿಸಿದ.