ಕಣ್ಣಿಗೆ ಬಿದ್ದ ಗಡ್ಡೆ

ಸತ್ತ ಗಂಡನ ಸೆಟೆದುಕೊಂಡ ಬಲಗೈಯನ್ನು ಅಂಗಿಯ ತೋಳಿನೊಳಗೆ ತೂರಿಸಲು ಅವಳು ಹೆಣಗುತ್ತಿದ್ದಾಗ ಹೊರಗಿನ ಕೋಣೆಯಿಂದ ಭಾವನ ದನಿ ಕೇಳಿಸಿತು.

"ಕ್ಯಾನ್ಸರ್ ಕಣ್ರೀ, ಮೂತ್ರಪಿಂಡದಲ್ಲಿ. ನಾನೇ ಬೆನ್ನು ಹತ್ತಿ ಆಪರೇಷನ್ ಮಾಡಿಸ್ದೆ. ಆದ್ರೂ ನನ್ನ ತಮ್ಮ ಕೈಗೆ ದಕ್ಕಲಿಲ್ಲ."

ತೋಳಿನ ಇನ್ನೊಂದು ತುದಿ ಹಿಡಿದಿದ್ದ ಪಕ್ಕದ ಮನೆಯಾಕೆ ತಲೆಯೆತ್ತಿದಳು. "ಕ್ಯಾನ್ಸರಾ? ನೀನು ಬಾಯೇ ಬಿಡಲಿಲ್ವಲ್ಲೇ."

"ಗುಂಡಿ ಹಾಕಕ್ಕ."

ಗಂಡನ ಪಕ್ಕೆಯ ಮೇಲೆ ಆಸ್ಪತ್ರೆಯ ಪಟ್ಟಿ ಹಾಗೇ ಇತ್ತು. ಅದರಡಿಯಿಂದ ಔಷಧಿಯೂ ಕೀವೂ ಬೆರೆತ ನಾತ ಬರುತ್ತಿತ್ತು. ಅದನ್ನವಳು ಸಹಿಸಬಲ್ಲಳು. ಸಹಿಸಲಾಗದ್ದು ಹೊರಗಿನ ಆ ದನಿ.

ಕಾರು ಕಲಿಸುವುದು ಅವಳ ಗಂಡನ ಕೆಲಸ. ಪಕ್ಕದ ಸೀಟಿನಲ್ಲಿ ತಮ್ಮ ಕಡೆಗಿದ್ದ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟು ಕೂರುತ್ತಿದ್ದರಿಂದ ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಅರ್ಧ ಊರಿಗೆ ಸ್ಟೀರಿಂಗ್ ಹಿಡಿಸಿದವರು ಸ್ವಂತಕ್ಕೊಂದು ಕಾರು ಕೊಳ್ಳಲಿಲ್ಲ. "ಹಗಲೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ. ಸಂಜೆಯಾದ್ರೂ ಬಸ್ಸಲ್ಲಿ ಕಣ್ಣು ಮುಚ್ಚಿ ಕೂರ್ತೀನಿ ಬಿಡೇ," ಅನ್ನುತ್ತಿದ್ದರು.

*

ಕೆಲವು ತಿಂಗಳ ಹಿಂದೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕಾರನ್ನು ಹಿಂದಕ್ಕೆ ತೆಗೆಯುವುದು ಕಲಿಯುತ್ತಿದ್ದಳು. ಮೇಷ್ಟ್ರು ಕೆಳಗಿಳಿದು ಹಿಂದೆ ನಿಂತು ಕೈ ತೋರಿಸುತ್ತಿದ್ದರು. ಗಾಬರಿಯಲ್ಲಿ ಅವಳು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದಳು. ಕಾರು ಅವರನ್ನು ಗೋಡೆಗೆ ಅಮುಕಿತು.

ಆಸ್ಪತ್ರೆಯಲ್ಲಿ ಎದೆ, ಹೊಟ್ಟೆಯ ಸ್ಕ್ಯಾನ್ ಆಯಿತು. "ಎರಡು ಪಕ್ಕೆಲುಬು ಬಿರುಕು ಬಿಟ್ಟಿದೆ, ತಾನಾಗೇ ಕೂಡುತ್ತೆ," ಅಂದರು ಡಾಕ್ಟರು. "ಇನ್ನೊಂದು ಮಾತು. ಮೂತ್ರಪಿಂಡದಲ್ಲಿ ದ್ರಾಕ್ಷಿ ಹಣ್ಣಿನಷ್ಟು ಗಡ್ಡೆ ಇದೆ. ಪೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಏನೋ ಹುಡುಕೋವಾಗ ಇಂಥವು ಕಣ್ಣಿಗೆ ಬೀಳ್ತವೆ. ಆರು ತಿಂಗಳು ಬಿಟ್ಟು ಮತ್ತೆ ನೋಡೋಣ, ಅವಸರ ಇಲ್ಲ."

"ರಿವರ್ಸಲ್ಲಿ ಬಂದು ನನ್ನ ಒಳಗನ್ನೆಲ್ಲ ಬಯಲು ಮಾಡಿಬಿಟ್ಳಲ್ಲ ಆ ಹುಡುಗಿ!" ಎಂದು ನಗಲು ಹೋಗಿ, ಮೇಷ್ಟ್ರು ಪಕ್ಕೆ ಹಿಡಿದುಕೊಂಡಿದ್ದರು.

ಭಾವನಿಗೆ ಮಾತ್ರ ನಗು ಬರಲಿಲ್ಲ. ಔಷಧಿ ಅಂಗಡಿ ನಡೆಸಿ ಮನೆತನಕ್ಕೆಲ್ಲ ಅರ್ಧ ಡಾಕ್ಟರಾದವರು ಅವರು. "ಆರು ತಿಂಗಳಾ? ಹೊಟ್ಟೇಲಿ ಹಾವು ಇಟ್ಕೊಂಡು ಮಲಗ್ತೀಯೇನೋ?" ಎಂದು ರೇಗಿದರು. ನೆಂಟರಿಗೆಲ್ಲ ಫೋನು ಮಾಡಿದರು. ಬಂದವರೆಲ್ಲ ಮೇಷ್ಟ್ರ ಸೊಂಟವನ್ನೇ ದಿಟ್ಟಿಸತೊಡಗಿದರು.

"ಯಾರೂ ನನ್ನ ಮುಖ ನೋಡ್ತಿಲ್ಲ ಕಣೇ," ಅಂದರು ಮೇಷ್ಟ್ರು. "ಗಡ್ಡೆ ಜೊತೆ ಮಾತಾಡಿ ಹೋಗ್ತಾರೆ."

ಪಕ್ಕೆಲುಬು ಕೂಡಿತು. ಮೇಷ್ಟ್ರು ಕೆಲಸಕ್ಕೂ ಹೊರಟರು. ಅಷ್ಟರಲ್ಲಿ ಭಾವ ಕೊಯ್ಯಲು ಒಪ್ಪುವ ಬೇರೊಬ್ಬ ಡಾಕ್ಟರನ್ನು ಹುಡುಕಿ ತಂದಿದ್ದರು. ಅಪ್ಪ ತೀರಿದ ಮೇಲೆ ಸಾಕಿದ ಅಣ್ಣ. ಮೇಷ್ಟ್ರು ಎಂದೂ ಎದುರಾಡಿದವರಲ್ಲ. ಊಟಕ್ಕೆ ಕೂತಾಗ ಹೆಂಡತಿಯ ಮುಖ ನೋಡಿದರು. "ನಂಗೇನೂ ನೋವಿಲ್ಲ. ನೀನೇನಂತೀಯ?"

"ಭಾವ ಅಷ್ಟು ಹೇಳ್ತಿದ್ದಾರಲ್ಲ," ಅಂದಿದ್ದಳು ಅವಳು.

ಕೊಯ್ದ ಜಾಗ ಕೀವಾಯಿತು. ನಂಜು ರಕ್ತಕ್ಕೇರಿತು. ಮೇಷ್ಟ್ರು ಮೂಗುಬಾಯಿಗೆಲ್ಲ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದಾಗ ಡಾಕ್ಟರು ಅವಳನ್ನೂ ಭಾವನನ್ನೂ ಮೂಲೆಗೆ ಕರೆದು, ಗಡ್ಡೆಯ ಪರೀಕ್ಷೆಯ ವರದಿ ಬಂತು, ಅದು ಕ್ಯಾನ್ಸರ್ ಅಲ್ಲ, ಅದರ ಪಾಡಿಗೆ ಅದು ಇದ್ದುಬಿಡುತ್ತಿತ್ತೇನೋ, ಅಂದರು. ಆಮೇಲೆ ಭಾವ ಅವಳ ಕಿವಿಯ ಹತ್ತಿರ ಬಾಗಿದರು. "ಇದನ್ನ ಎಲ್ಲೂ ಆಡ್ಬೇಡಮ್ಮ. ಜನ ನಾಲ್ಕು ಥರ ಮಾತಾಡ್ತಾರೆ." ಅವರ ಉಸಿರು ಕೆನ್ನೆಗೆ ತಾಗಿ ಅವಳು ಮುಖ ಒರೆಸಿಕೊಂಡಿದ್ದಳು.

*

ಅಂಗಿ ತೊಡಿಸಿ ಆಗುವ ಹೊತ್ತಿಗೆ ಹೊರಗೆ ಯಾರೋ ಬಿಕ್ಕುವುದು ಕೇಳಿಸಿತು. ಬ್ಯಾಂಕಿನ ಹುಡುಗಿ. ಒಳಗೆ ಬರಲಾರದೆ ಬಾಗಿಲಲ್ಲೇ ನಿಂತಿದ್ದಳು. "ನನ್ನಿಂದಾನೇ ಆಗಿದ್ದು," ಅನ್ನುತ್ತಿದ್ದಳು.

"ನೀವ್ಯಾಕಮ್ಮ ಅಳ್ತೀರಿ?" ಭಾವ ಟೀ ಲೋಟ ಹಿಡಿದೇ ಎದ್ದರು. "ನೀವು ಗುದ್ದಿದ್ದಕ್ಕೇ ಅಲ್ವೇ ರೋಗ ಗೊತ್ತಾಗಿದ್ದು? ಒಂದು ಲೆಕ್ಕದಲ್ಲಿ ಉಪಕಾರಾನೇ ಮಾಡಿದ್ರಿ. ನಮ್ಮ ಪ್ರಯತ್ನ ನಾವು ಮಾಡಿದ್ವಿ. ಏನ್ರೀ?"

ಕೂತವರು ತಲೆದೂಗಿದರು.

ಅವಳು ಗಂಡನ ಪಕ್ಕದಿಂದೆದ್ದು ಹೊರಗೆ ಬಂದಳು. "ಭಾವ, ಅದು ಕ್ಯಾನ್ಸರ್ ಆಗಿರಲಿಲ್ಲ."

"ಈಗ ಬೇಡಮ್ಮ. ದುಃಖದಲ್ಲಿ ಏನೇನೋ..."

"ಡಾಕ್ಟರು ಹೇಳಿದಾಗ ನೀವೂ ಪಕ್ಕದಲ್ಲೇ ಇದ್ರಿ." ಅವಳು ಹುಡುಗಿಯ ಕಡೆ ತಿರುಗಿದಳು. "ನೀನು ಗುದ್ದಿದ್ದು ವಾಸಿಯಾಗಿತ್ತಮ್ಮ. ಕೆಲಸಕ್ಕೂ ಹೊರಟಿದ್ರು. ಎಲ್ರಿಗೂ ನಿನ್ನ ಕತೆ ಹೇಳಿ ನಗ್ತಿದ್ರು. ಕಾರಣ ನೀನಲ್ಲ."

"ಮತ್ತೆ?" ಹಿಂದೆಯೇ ಬಂದಿದ್ದ ಪಕ್ಕದ ಮನೆಯಾಕೆ ಬಾಯಿತಪ್ಪಿ ಕೇಳಿದಳು.

"ಏನೂ ಇಲ್ಲದ್ದನ್ನ ಕೊಯ್ಯಿಸಿ ಕೊಂದ್ವಿ ಅಕ್ಕ. ಇವ್ರು ಹಟ ಹಿಡಿದ್ರು. ನಾನು ಹೂಂ ಅಂದೆ."

ಭಾವನ ಪಕ್ಕ ಕೂತಿದ್ದಾತ ಕುರ್ಚಿಯನ್ನು ಆಚೆ ಸರಿಸಿಕೊಂಡ. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಕೈ ಹಿಡಿದು ನಿಂತಳು.

ಭಾವ ಯಾರ ಮುಖವನ್ನೂ ನೋಡಲಿಲ್ಲ. ಕೂತುಕೊಂಡು ಬಿಸ್ಕತ್ತೊಂದನ್ನು ಟೀಯಲ್ಲಿ ಅದ್ದಿದರು. ಅದು ನೆನೆದು, ಮುರಿದು, ಲೋಟದ ತಳಕ್ಕೆ ಬಿತ್ತು. ಎರಡು ಬೆರಳು ಇಳಿಬಿಟ್ಟು ತಡಕಿ, ಮೆತ್ತನೆಯ ಮುದ್ದೆಯನ್ನು ಹಿಡಿದು ಮೇಲೆತ್ತಿ ಬಾಯಿಗೆ ಹಾಕಿಕೊಂಡರು. ಆಮೇಲೆ ಬೆರಳು ಒಂದೊಂದಾಗಿ ಚೀಪತೊಡಗಿದರು.