ಒಣಗದ ಗಂಟು

"ಸಾಕು ಇಳಿಯೇ, ಮಿಕ್ಕಿದ್ದು ನಾಳೆ ನೋಡಿದ್ರಾಯ್ತು," ಎಂದು ಮಲ್ಲಿಕಾರ್ಜುನಯ್ಯ ಏಣಿ ಹಿಡಿದುಕೊಂಡು ಕೆಳಗಿನಿಂದ ಕೂಗಿದರು.

ಅಟ್ಟದ ಮೇಲಿಂದ ಹೆಂಡತಿ ಚಿಕ್ಕಗೌರಮ್ಮನ ನಗು ಕೇಳಿಸಿತು. "ನಾಳೆ ನೀವು ಹತ್ತೀರಾ? ನಿಮ್ಮ ಕಿವಿಗೆ ಕಾಯಿ ಅಲ್ಲಾಡಿದ್ದೂ ಒಂದೇ, ಎಮ್ಮೆ ಕೂಗಿದ್ದೂ ಒಂದೇ."

ಅದು ನಿಜ. ಹೋದ ವರ್ಷ ಅಟ್ಟಕ್ಕೇರಿಸಿದ ತೆಂಗಿನಕಾಯಿಗಳು ಒಳಗೇ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗಿವೆಯೋ ಇಲ್ಲವೋ ಎಂದು ಆ ಮನೆಯಲ್ಲಿ ಹೇಳಬಲ್ಲವಳು ಆಕೆಯೊಬ್ಬಳೇ. ಒಂದೊಂದನ್ನೂ ಎತ್ತಿ ಕಿವಿಯ ಬಳಿ ಅಲ್ಲಾಡಿಸುವಳು. ಅವಸರಪಟ್ಟು ಒಡೆದರೆ ಅದು ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಈ ಮಾತನ್ನೇ ಹಿಡಿದು ಕಂದಿಕೆರೆ ಕಡೆಯ ನಾಟಿ ವೈದ್ಯ ಮರುಳಸಿದ್ದಯ್ಯನವರು ಇಬ್ಬರಿಗೂ ಧೈರ್ಯ ಹೇಳಿದ್ದರು. ಸಂಕ್ರಾಂತಿ ಕಳೆದ ಮೇಲೆ ಗೌರಮ್ಮನ ಎಡ ಮೊಲೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ತಿಪಟೂರಿನ ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಎಂದು ಹೇಳಿ, ತಡಮಾಡದೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಎಂದಿದ್ದರು. ಮಲ್ಲಿಕಾರ್ಜುನಯ್ಯ ಬೆಂಗಳೂರಿಗೆ ಹೋಗದೆ ಹೆಂಡತಿಯನ್ನು ಕಂದಿಕೆರೆ ಕಡೆಗೆ ಕರೆದೊಯ್ದರು. ಅವರ ತಾಯಿಯ ಸರ್ಪಸುತ್ತು ಇಳಿಸಿದ್ದು ಮರುಳಸಿದ್ದಯ್ಯನವರೇ. "ಕಾಯಿ ಒಳಗೇ ಬತ್ತೋ ಹಂಗೆ ಬತ್ತಿಸ್ತೀನಿ ಕಣಪ್ಪ. ಗಂಟು ಸಡ್ಲ ಆಗಿ ಬುಟ್ಕೊಳ್ತದೆ. ಕತ್ತಿ ತಾಗಿದ್ರೆ ಕೆರಳ್ತದೆ," ಎಂದು ಅವರು ಹೇಳಿದಾಗ, ಅದಕ್ಕಿಂತ ತಿಳಿಯಾದ ಮಾತಿಲ್ಲ ಎಂದು ಗಂಡಹೆಂಡಿರಿಬ್ಬರಿಗೂ ಅನ್ನಿಸಿತ್ತು. ಪ್ರತಿ ಸೋಮವಾರ ಹೋಗಿ ಸೊಪ್ಪಿನ ಲೇಪ ತರುತ್ತಿದ್ದರು. "ಹೆಂಗೈತೆ ತಾಯಿ?" ಎಂದು ವೈದ್ಯರು ಕೇಳುವರು. "ಸಡ್ಲ ಆಯ್ತಾ ಐತೆ ಸ್ವಾಮಿ," ಎಂದು ಆಕೆ ಹೇಳುವಳು. ಹೀಗೆ ಯುಗಾದಿಯೂ ಕಳೆದಿತ್ತು.

ಈಗ ಅಟ್ಟದ ಮೇಲೆ ಕಾಯಿಯ ಸದ್ದು ನಿಂತುಹೋಯಿತು. ಮಲ್ಲಿಕಾರ್ಜುನಯ್ಯ ಗಾಬರಿಯಿಂದ ಏಣಿ ಹತ್ತಿ ಇಣುಕಿದರು. ಗೌರಮ್ಮ ಒಂದು ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನೊಳಗೆ ಕೈಯಿಟ್ಟು, ಕಣ್ಣು ಮುಚ್ಚಿ ಕೂತಿದ್ದಳು. ಕಾಯಿಗೆ ಕಿವಿಗೊಡುವಾಗಿನ ಮುಖವೇ ಅದು.

"ನೋವೇನೇ?"

"ಇದು ಒಣಗ್ತಿಲ್ಲ ಕಣ್ರೀ. ಮೊದ್ಲು ಬೆರಳಿಗೆ ಸಿಕ್ಕಿ ಜಾರ್ತಿತ್ತು. ಈಗ ಎಲುಬಿಗೇ ಕಚ್ಕೊಂಡೈತೆ. ಒಣಗೋದು ಬುಟ್ಕೊಳ್ತದೆ. ಇದು ಬೇರು ಬುಡ್ತಾ ಐತೆ."

"ಮತ್ತೆ ವಾರವಾರ ಸಡ್ಲ ಆಯ್ತು ಅಂತಿದ್ದೆ?"

"ಮದ್ದಿನ ಮೇಲೆ ಅನುಮಾನ ಆಡಿದ್ರೆ ಅದರ ಶಕ್ತಿ ಹೋಯ್ತದೆ ಅಂತಾರಲ್ಲ. ಬಾಯಲ್ಲಿ ಅಂದ್ರಾದ್ರೂ ಹಂಗೇ ಆಗ್ಲಿ ಅಂತ ಅಂದೆ." ಅವಳು ಕಣ್ಣು ತೆರೆದಳು. "ಬೆಂಗ್ಳೂರಿಗೆ ಹೋಗೋಣ."

"ಕತ್ತರಿಸ್ತಾರೆ ಕಣೇ."

"ಕತ್ತರಿಸ್ಲಿ ಬುಡಿ. ಮಕ್ಕಳು ಹಾಲು ಕುಡ್ದು ಮೀಸೆ ಬಂದಾಯ್ತು. ಇನ್ನ ಅದಕ್ಕೇನು ಕೆಲ್ಸ?" ಎಂದು ನಕ್ಕಳು. ಕೈ ಮಾತ್ರ ಸೆರಗಿನೊಳಗಿಂದ ಹೊರಬರಲಿಲ್ಲ.

ಮಲ್ಲಿಕಾರ್ಜುನಯ್ಯ ಏಣಿಯ ಮೇಲೆಯೇ ನಿಂತುಬಿಟ್ಟರು. ದಿನವೂ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ದಾರಿ ತೋರು ತಂದೆ ಎಂದು ಬೇಡಿದ್ದರು. ದಾರಿ ಕಂಡ ಕೈ ಇಲ್ಲಿ, ತಮ್ಮ ಮನೆಯ ಅಟ್ಟದ ನಾರಿನ ಧೂಳಿನಲ್ಲಿ ಕೂತಿತ್ತು. ಹೆಂಡತಿಯನ್ನು ಹಾಗೆ ನೋಡಲು ಅವರಿಗೆ ಒಂದು ಬಗೆಯ ಭಯವಾಯಿತು, ಗರ್ಭಗುಡಿಯ ಹೊಸ್ತಿಲಲ್ಲಿ ಆಗುವಂಥದ್ದು.

ಮದ್ದು ಕೊಟ್ಟವರಿಗೆ ಹೇಳದೆ ಬಿಡುವಂತಿಲ್ಲ. ಮರುದಿನ ಎಲೆಅಡಿಕೆ ಹಿಡಿದು ಕಂದಿಕೆರೆ ಕಡೆಗೆ ಹೋದರು. ಮರುಳಸಿದ್ದಯ್ಯನವರು ಜಗಲಿಯಲ್ಲಿ ಸೊಪ್ಪು ಅರೆಯುತ್ತಿದ್ದರು. ಅವರು ಕೇಳುವ ಮೊದಲೇ ಗೌರಮ್ಮ ಎಲ್ಲವನ್ನೂ ಹೇಳಿಬಿಟ್ಟಳು. ಶಾಪಕ್ಕೆ ಸಿದ್ಧರಾದವರಂತೆ ಮಲ್ಲಿಕಾರ್ಜುನಯ್ಯ ತಲೆ ತಗ್ಗಿಸಿದರು.

ಅರೆಯುವ ಕಲ್ಲು ನಿಂತಿತು.

"ನಾನೊಂದು ಸಲಾನೂ ಮುಟ್ಟಿ ನೋಡ್ಲಿಲ್ಲ ತಾಯಿ," ಎಂದರು ಮುದುಕರು, ಕೈಯ ಸೊಪ್ಪು ಒರೆಸಿಕೊಳ್ಳುತ್ತ. "ಹೆಣ್ಣಿನ ಮೈ ಅಂತ ದೂರ ಇದ್ದೆ. ನಿನ್ನ ಮಾತೇ ನನಗೆ ನಾಡಿ ಆಗಿತ್ತು."

"ಸುಳ್ಳು ಹೇಳ್ಬುಟ್ಟೆ ಸ್ವಾಮಿ."

"ಸುಳ್ಳಲ್ಲ ಬುಡವ್ವ, ಅದು ಹರಕೆ. ನಾನೇ ಕೇಳಿಸ್ಕಂಡು ಸುಮ್ಕಾದೆ." ಅವರು ಎದ್ದರು. "ಇವತ್ತೇ ಹೊರಡು. ಏನೇನು ಹಚ್ಚಿದ್ದೆ ಅಂತ ಡಾಕ್ಟ್ರು ಕೇಳಿದ್ರೆ ಮುಚ್ಚಿಡಬ್ಯಾಡ, ನನ್ನ ಹೆಸ್ರು ಹೇಳು. ಈ ಲೇಪ ಇಲ್ಲೇ ತೊಳ್ಕೊಂಡು ಹೋಗು."

ಮಲ್ಲಿಕಾರ್ಜುನಯ್ಯ ಬೇಡವೆಂದರೂ ಕೇಳದೆ, ವೈದ್ಯರು ಆ ವಯಸ್ಸಿನಲ್ಲಿ ತಾವೇ ಬಾವಿಯಿಂದ ನೀರು ಸೇದಿ, ತೆಂಗಿನ ಗರಿ ಕಟ್ಟಿದ ಬಚ್ಚಲಿನ ಬಾಗಿಲಲ್ಲಿ ಕೊಡವಿಟ್ಟು ಬಂದರು. ಗೌರಮ್ಮ ಒಳಗೆ ಹೋದಳು. ಗಂಡಸರಿಬ್ಬರೂ ಬೆನ್ನು ತಿರುಗಿಸಿ ಅಂಗಳದಲ್ಲಿ ನಿಂತರು. ಒಳಗೆ ಚೊಂಬಿನ ಸದ್ದು, ನೀರಿನ ಸದ್ದು, ನಡುವೆ ಒಮ್ಮೆ ಬಿಕ್ಕಿದಂತೆ, ಮತ್ತೆ ನೀರು.

ಗರಿಯ ಅಡಿಯಿಂದ ಹಸಿರು ನೀರು ಸಣ್ಣಗೆ ಹರಿದು ಅಂಗಳಕ್ಕೆ ಬಂತು. ಅದು ಕಾಲ ಬಳಿಗೆ ಬರುತ್ತಿದ್ದಂತೆ ಮರುಳಸಿದ್ದಯ್ಯನವರು ಮೆಟ್ಟು ಬಿಟ್ಟು ಬರಿಗಾಲಲ್ಲಿ ನಿಂತು, ತೀರ್ಥಕ್ಕೆಂಬಂತೆ ಅದಕ್ಕೆ ಕೈಮುಗಿದರು.