ಮುಟ್ಟಬಾರದು

ಬಿಷ್ಕೆಕ್‌ನ ಆ ನಕ್ಷೆ ಕಚೇರಿಯ ಕಟ್ಟಡಕ್ಕೆ ಐವತ್ತು ದಾಟಿತ್ತು. ಅದರ ಬಿಸಿನೀರಿನ ಕೊಳವೆಗಳನ್ನು ಮೂವತ್ತೆಂಟು ವರ್ಷದಿಂದ ನೋಡಿಕೊಂಡು ಬಂದವನು ಬೇಶೆನಾಲಿ. ಬೇಸಿಗೆಯಲ್ಲಿ ಗೋಡೆಗೆ ದಪ್ಪ ಹೊದಿಕೆ ಹಾಕಿ, ಹೊಸ ಕಿಟಕಿ ಕೂರಿಸಿ, ಕೋಣೆ ಬೆಚ್ಚಗಿಡುವ ಪ್ರತಿ ರೇಡಿಯೇಟರಿಗೂ ಬಿಸಿ ತಗ್ಗಿಸುವ ಒಂದು ವಾಲ್ವ್ ಜೋಡಿಸಿದ್ದರು. ಶಾಖದ ಖರ್ಚೂ ಅದಕ್ಕೆ ಸುಡುವ ಕಲ್ಲಿದ್ದಲ ಹೊಗೆಯೂ ಮಾರ್ಚ್ ಹೊತ್ತಿಗೆ ಮೂರರಲ್ಲೊಂದು ಪಾಲು ಇಳಿದರೆ ಕಟ್ಟಡ ಉಳಿಯುತ್ತದೆ. ಇಲ್ಲದಿದ್ದರೆ ಕೆಡವಿ ಗಾಜಿನ ಗೋಪುರ ಎಬ್ಬಿಸುತ್ತಾರೆ. ಬೇಶೆನಾಲಿಗೆ ಹೆಂಡತಿಗಿಂತ ಈ ಕಟ್ಟಡದ ಗೊರಕೆಯೇ ಹೆಚ್ಚು ಪರಿಚಯ.

ಜನವರಿ ಅರ್ಧ ಕಳೆಯಿತು. ಶಾಖದ ಮೀಟರಿನ ಲೆಕ್ಕ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಬೇಶೆನಾಲಿ ಅಂಗಳಕ್ಕೆ ಹೋಗಿ ತಲೆ ಎತ್ತಿದ. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಸಾಲುಸಾಲು ಕಿಟಕಿಗಳು ಬಾಯಿ ತೆರೆದಿದ್ದವು.

ಮೂರನೇ ಮಹಡಿಯ ಕಡತದ ಕೋಣೆಯಲ್ಲಿ ಹಳೇ ಗುಮಾಸ್ತೆ ಸೈರಾಕಾನ್ ತೆಳು ಅಂಗಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು.

"ಅಕ್ಕ, ಕಿಟಕಿ ಯಾಕೆ ತೆಗೆದಿದೀರಿ?"

"ಸೆಕೆ ಕಣೋ."

"ಸೆಕೆ ಆದ್ರೆ ವಾಲ್ವ್ ತಿರುಗಿಸಬೇಕು. ಅದಕ್ಕೇ ತಾನೆ ಹಾಕಿದ್ದು."

"ನಾನಾ? ಬೋರ್ಡ್ ಓದಪ್ಪ."

ರೇಡಿಯೇಟರಿನ ಮೇಲೆ ಹಳೇ ತಗಡಿನ ಬೋರ್ಡಿತ್ತು: 'ಮುಟ್ಟಬಾರದು. ಮುಟ್ಟಿದವರ ಹೆಸರು ಗೋಡೆಪತ್ರಿಕೆಗೆ. — ಬೇಶೆನಾಲಿ.' ಬೇಸಿಗೆಯಲ್ಲಿ ಬಣ್ಣ ಬಳಿದವರು ಅರವತ್ನಾಲ್ಕೂ ಕೋಣೆಗಳಲ್ಲಿ ಅಂಥ ಬೋರ್ಡಿನ ಧೂಳು ಒರೆಸಿ, ಮತ್ತೆ ನೇರವಾಗಿ ತೂಗುಹಾಕಿದ್ದರು.

"ಎಂಬತ್ತೇಳರಲ್ಲಿ, ಮುಟ್ಟಿದೆ ಅಂತ ನೀನೇ ನನ್ನ ಹೆಸರು ಬಾಗಿಲ ಪಕ್ಕದ ಗೋಡೆಪತ್ರಿಕೆಗೆ ಹಾಕಿದ್ದೆ," ಎಂದಳು ಸೈರಾಕಾನ್. "ಮದುವೆಯಾದ ವಾರ. ನಮ್ಮತ್ತೆ ಇಲ್ಲೇ ಟೈಪಿಸ್ಟು. ನಿಂತ್ಕೊಂಡು ಎರಡು ಸಲ ಓದಿದ್ಳು."

ಬೇಶೆನಾಲಿಗೆ ನಾಚಿಕೆಯಾಯಿತು. ಎರಡು ದಿನದಲ್ಲಿ ಅರವತ್ನಾಲ್ಕೂ ಬೋರ್ಡು ಬಿಚ್ಚಿದ. ಒಂದು ವಾಲ್ವೂ ಅಲುಗಲಿಲ್ಲ.

"ಬೋರ್ಡ್ ತೆಗೆದ್ರೆ ಅಪ್ಪಣೆ ಹೋಗತ್ತಾ?" ಎಂದಳು ಸೈರಾಕಾನ್. "ತಪ್ಪು ಯಾರದು ಅಂತ ಹೆಸರು ಸಮೇತ ಗೋಡೆಗೆ ಹಾಕು. ನಾವೂ ಓದ್ತೀವಿ."

ಮರುದಿನ ಬೆಳಿಗ್ಗೆ ಬಾಗಿಲ ಪಕ್ಕ ಗೋಡೆಪತ್ರಿಕೆ ಬಂತು, ಮೂವತ್ತು ಚಿಲ್ಲರೆ ವರ್ಷದ ಮೇಲೆ: 'ಬೇಶೆನಾಲಿ ಎಂಬಾತ ಮೂವತ್ತೆಂಟು ವರ್ಷ ಬೀದಿಗೆ ಬಿಸಿ ಹಂಚಿದ್ದಾನೆ. ತಪ್ಪು ಅವನದೇ. ಇನ್ನು ಸೆಕೆಯಾದವರು ವಾಲ್ವ್ ತಿರುಗಿಸಿ.' ಇಡೀ ಕಚೇರಿ ಸಾಲಾಗಿ ನಿಂತು ಓದಿತು. ಕೆಲವರು ಎರಡು ಸಲ. ಮಧ್ಯಾಹ್ನದ ಹೊತ್ತಿಗೆ ಕಿಟಕಿಗಳು ಮುಚ್ಚಿದ್ದವು.

ಮಾರ್ಚಿನಲ್ಲಿ ಅಧಿಕಾರಿಗಳು ಮೀಟರು ನೋಡಿ ತಲೆಯಾಡಿಸಿದರು. ಕಟ್ಟಡ ಉಳಿಯಿತು. ಅಂದು ಬೇಶೆನಾಲಿ ಗೋಡೆಪತ್ರಿಕೆ ಕಿತ್ತುಹಾಕಲು ಹೋದ. ಅದರ ಕೆಳಗೆ ಅವನದೇ ತಗಡಿನ ಬೋರ್ಡೊಂದನ್ನು ಯಾರೋ ಮೊಳೆ ಹೊಡೆದು ಕೂರಿಸಿದ್ದರು: 'ಮುಟ್ಟಬಾರದು.'